ಗಡಿ ತೆರೆದ ಮೇಲೆ ಬಂದ ಸೂತಕ

ಇವತ್ತು ಡಿಸೆಂಬರ್ 19. ಗೋವಾ ವಿಮೋಚನಾ ದಿನ. ಪ್ರತಿ ವರ್ಷ ಈ ದಿನ ನಾವು ಟಿವಿಯವರು ಏನು ತೋರಿಸುತ್ತೇವೆ ಅಂತ ನಿಮಗೆ ಗೊತ್ತೇ ಇದೆ. ಕಪ್ಪು ಬಿಳುಪಿನ ನಾಲ್ಕು ದೃಶ್ಯ, ಲಾರಿಗಳ ಮೇಲೆ ಸೈನಿಕರು, ಮೇಲಕ್ಕೇರುವ ತ್ರಿವರ್ಣ ಧ್ವಜ, ಹಿನ್ನೆಲೆಯಲ್ಲಿ ಒಂದು ಸಂಗೀತ, ಅದರ ಮೇಲೆ ನನ್ನಂಥವನ ದೊಡ್ಡ ದನಿ. 451 ವರ್ಷದ ಪೋರ್ಚುಗೀಸ್ ಆಳ್ವಿಕೆ 36 ಗಂಟೆಯಲ್ಲಿ ಅಂತ್ಯ! ಒಂದೂವರೆ ನಿಮಿಷದಲ್ಲಿ ಮುಗಿಯುತ್ತದೆ. ಆಮೇಲೆ ಜಾಹೀರಾತು.

ಇವತ್ತು ಆ ದೃಶ್ಯ ಬೇಡ. ನಮ್ಮ ಮನೆಯ ಒಂದು ಕಥೆ ಹೇಳ್ತೇನೆ. ಅದನ್ನು ಹೇಳುವ ಮೊದಲು, ನಾನು ಇದೇ ಕುರ್ಚಿಯಲ್ಲಿ ಕೂತು ಆಡಿದ ಒಂದು ಮಾತನ್ನೂ ಹೇಳಬೇಕು. ಅದಿಲ್ಲದೆ ಈ ಕಥೆ ನನಗೆ ಸಿಗುತ್ತಲೇ ಇರಲಿಲ್ಲ.

2020ರ ಮಾರ್ಚ್ ಕೊನೆ. ಕೊರೋನಾ. ಲಾಕ್‌ಡೌನ್. ಕೇರಳದಿಂದ ಯಾರೂ ಬರಬಾರದು ಅಂತ ನಮ್ಮ ಕಡೆಯಿಂದ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದರು. ತಲಪಾಡಿಯಲ್ಲಿ ಬ್ಯಾರಿಕೇಡು. ಕಾಸರಗೋಡಿನವರಿಗೆ ಮಂಗಳೂರು ಅಂದರೆ ಹೊರರಾಜ್ಯ ಅಲ್ಲ, ಆಸ್ಪತ್ರೆಗೆ ಹೋಗುವ ಪೇಟೆ. ಡಯಾಲಿಸಿಸ್‌ಗೆ ಮಂಗಳೂರು, ಹೆರಿಗೆಗೆ ಮಂಗಳೂರು, ಎದೆನೋವು ಬಂದರೂ ಮಂಗಳೂರು. ಆ ದಾರಿ ಮುಚ್ಚಿತು. ಆಂಬುಲೆನ್ಸ್ ತಿರುಗಿ ಹೋದವು. ಚಿಕಿತ್ಸೆ ಸಿಗದೆ ಜನ ಸತ್ತರು. ವಿಷಯ ಕೇರಳ ಹೈಕೋರ್ಟಿಗೆ ಹೋಯಿತು, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು, ಏಪ್ರಿಲ್ ಮೊದಲ ವಾರ ಕಳೆಯುವ ಹೊತ್ತಿಗೆ ರೋಗಿಗಳನ್ನು ಬಿಡುವುದಕ್ಕೆ ಒಂದು ವ್ಯವಸ್ಥೆ ಅಂತ ಆಯಿತು.

ಆ ದಿನಗಳಲ್ಲಿ ಒಂದು ರಾತ್ರಿ ನಾನು ಇಲ್ಲಿ ಕೂತು, ಮೇಜು ಕುಟ್ಟಿ, ಗಡಿ ಮುಚ್ಚಿದ್ದೇ ಸರಿ, ಒಂದು ಇಂಚೂ ತೆರೆಯಬಾರದು ಅಂತ ಹೇಳಿದೆ. ತುಂಬಾ ಜನ ಶಹಬ್ಬಾಸ್ ಅಂದರು. ಕಾರ್ಯಕ್ರಮ ಮುಗಿಸಿ ಫೋನ್ ತೆಗೆದರೆ ಅಪ್ಪನ ನಾಲ್ಕು ಮಿಸ್ಡ್ ಕಾಲ್.

ನನ್ನ ಊರು ಪುತ್ತಿಗೆ. ಮೂಡುಬಿದಿರೆಯ ಪಕ್ಕ. ಆಳ್ವಾಸ್ ವಿರಾಸತ್ ನೋಡಲು ಬಂದವರಿಗೆ ಪುತ್ತಿಗೆಪದವು ಗೊತ್ತಿರುತ್ತದೆ. ಹಳಬರಿಗೆ ಸೋಮನಾಥೇಶ್ವರ ದೇವಸ್ಥಾನದಿಂದ ಗೊತ್ತು. ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕ ಚೌಟ ಮನೆತನದವರು, ಆ ಚೌಟರಿಗೆ ನಮ್ಮ ಪುತ್ತಿಗೆಯೂ ಒಂದು ಕಾಲಕ್ಕೆ ರಾಜಧಾನಿ. ಶಾಲೆಯಲ್ಲಿ ಇದನ್ನು ಎದೆ ಉಬ್ಬಿಸಿ ಹೇಳುತ್ತಿದ್ದೆವು. ಅಂದಹಾಗೆ, ಕಾಸರಗೋಡು ಜಿಲ್ಲೆಯಲ್ಲಿ, ಕುಂಬಳೆಯ ಹತ್ತಿರ, ಇನ್ನೊಂದು ಪುತ್ತಿಗೆ ಉಂಟು. ಅದೂ ತುಳು ಕನ್ನಡ ಮಾತಾಡುವ ಊರೇ. ಅಪ್ಪ ಫೋನಿನಲ್ಲಿ ಮೊದಲು ಕೇಳಿದ್ದು ಅದನ್ನೇ.

"ಆ ಪುತ್ತಿಗೆಯವನಿಗೆ ಎದೆನೋವು ಬಂದರೆ ಎಲ್ಲಿಗೆ ಹೋಗಬೇಕು ಮಾರಾಯಾ?"

ನಾನು ಏನೋ ಸಮಜಾಯಿಷಿ ಕೊಟ್ಟೆ. ರೋಗ ಹರಡುತ್ತದೆ, ಸರ್ಕಾರಕ್ಕೆ ಬೇರೆ ದಾರಿ ಇಲ್ಲ, ಇತ್ಯಾದಿ. ಅಪ್ಪ ವಾದ ಮಾಡುವ ಮನುಷ್ಯ ಅಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನಗೆ ಪೋಳೆಂ ದಾಟಿದ್ದು ಹೇಳಲೇ ಇಲ್ಲ ಅಲ್ವಾ ನಾನು" ಅಂದರು. ಆ ರಾತ್ರಿ ಹನ್ನೆರಡೂವರೆ ತನಕ ಮಾತಾಡಿದರು. ನಾವು ಮನೆಯಲ್ಲಿ ಮಾತಾಡುವುದು ಕೊಂಕಣಿ. ನಿಮಗೆ ಕನ್ನಡದಲ್ಲಿ ಹೇಳ್ತೇನೆ.

ಅಪ್ಪನಿಗೆ ಒಬ್ಬರು ಅತ್ತೆ ಇದ್ದರು. ಅಜ್ಜನ ಅಕ್ಕ. 1950ರಲ್ಲಿ ಅವರನ್ನು ಗೋವೆಯ ಕಾಣಕೋಣ ಕಡೆಗೆ, ಲೋಲಯೆಂ ಎಂಬ ಊರಿಗೆ ಮದುವೆ ಮಾಡಿ ಕೊಟ್ಟರು. ಅಷ್ಟು ದೂರ ಯಾಕೆ ಅಂತ ನೀವು ಕೇಳಬಹುದು. ನಮ್ಮ ಹಿರಿಯರು ಪೋರ್ಚುಗೀಸರ ಕಾಟ ತಡೆಯದೆ ಗೋವೆ ಬಿಟ್ಟು ದಕ್ಷಿಣಕ್ಕೆ ಬಂದವರು. ಕುಲದೇವರು ಮಾತ್ರ ಈಗಲೂ ಅಲ್ಲೇ. ನೆಂಟಸ್ತನವೂ ಅಪರೂಪಕ್ಕೆ ಆ ಕಡೆ ಎಳೆಯುತ್ತಿತ್ತು.

ಆಗಿನ ನಕಾಶೆ ಒಂದು ಸಲ ನೆನಪು ಮಾಡಿಕೊಳ್ಳಿ. ಅತ್ತೆ ಮದುವೆಯಾಗಿ ಹೋದಾಗ ಪುತ್ತಿಗೆ ಇದ್ದದ್ದು ಮದ್ರಾಸ್ ರಾಜ್ಯದಲ್ಲಿ. ಕಾರವಾರ ಮುಂಬಯಿ ರಾಜ್ಯದಲ್ಲಿ. ಕಾರವಾರದಿಂದ ಕಾಳಿ ನದಿ ದಾಟಿ, ಸದಾಶಿವಗಡ ಕಳೆದು, ಮಾಜಾಳಿ ಮುಗಿದ ಕೂಡಲೇ ಪೋಳೆಂ. ಅಲ್ಲಿಂದ ಪೋರ್ಚುಗಲ್. ಹಾಗಿದ್ದೂ ಯಾರಿಗೂ ಅದೊಂದು ದೊಡ್ಡ ವಿಷಯ ಅನ್ನಿಸಿರಲಿಲ್ಲ. ಸುಂಕದ ಕಟ್ಟೆಯಲ್ಲಿ ಗಂಟು ಬಿಚ್ಚಿ ತೋರಿಸಬೇಕು, ಅಷ್ಟೇ. ಕಾರವಾರದ ತರಕಾರಿ ಆ ಕಡೆ ಹೋಗುತ್ತಿತ್ತು, ಆ ಕಡೆಯಿಂದ ಏನೇನೋ ಈ ಕಡೆ ಬರುತ್ತಿತ್ತು. ಮದುವೆ, ಜಾತ್ರೆ, ಹೆರಿಗೆ ಎಲ್ಲಕ್ಕೂ ಜನ ಓಡಾಡುತ್ತಿದ್ದರು. 1953ರಲ್ಲಿ ಅತ್ತೆ ಚೊಚ್ಚಲ ಬಾಣಂತನಕ್ಕೆ ಪುತ್ತಿಗೆಗೆ ಬಂದಿದ್ದರು. ಆಗ ಅಪ್ಪನಿಗೆ ಎರಡು ವರ್ಷ. ಮಗು ಎತ್ತಿಕೊಂಡು ಗಂಡನ ಮನೆಗೆ ವಾಪಸು ಹೋದರು. ಅದೇ ಅವರು ತವರನ್ನು ನೋಡಿದ್ದು ಕೊನೆ ಅಂತ ಯಾರಿಗೆ ಗೊತ್ತಿತ್ತು?

1954ರಲ್ಲಿ ದಾದ್ರಾ ಮತ್ತು ನಗರ ಹವೇಲಿ ಪೋರ್ಚುಗೀಸರ ಕೈತಪ್ಪಿತು. ಗೋವಾದ ಹೋರಾಟ ಬಿಸಿಯಾಯಿತು. 1955ರ ಆಗಸ್ಟ್ 15ರಂದು ದೇಶದ ನಾನಾ ಕಡೆಯಿಂದ ಬಂದ ಸತ್ಯಾಗ್ರಹಿಗಳು ಬರಿಗೈಯಲ್ಲಿ ಗಡಿ ದಾಟಿದರು. ಪೋರ್ಚುಗೀಸರು ಗುಂಡು ಹಾರಿಸಿದರು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಗಡಿ ಬಂದ್.

ಯಾರು ಬಂದ್ ಮಾಡಿದ್ದು? ಇಲ್ಲಿ ನಾವು ಸ್ವಲ್ಪ ಪ್ರಾಮಾಣಿಕವಾಗಿ ಮಾತಾಡಬೇಕು. ಗುಂಡು ಹಾರಿಸಿದ್ದು ಅವರು. ಗಡಿ ಮುಚ್ಚಿದ್ದು ನಾವು. ಗೋವಾದ ಮೇಲೆ ಆರ್ಥಿಕ ದಿಗ್ಬಂಧನ ಹಾಕಿದ್ದು ಭಾರತ ಸರ್ಕಾರ. ಕ್ಯಾಸಲ್‌ರಾಕ್ ಮೂಲಕ ಮರ್ಮುಗೋವಾಕ್ಕೆ ಹೋಗುತ್ತಿದ್ದ ರೈಲು ನಿಂತಿತು, ಸರಕು ನಿಂತಿತು. ಜನ ದಾಟಬೇಕಾದರೆ ಪರವಾನಗಿ. ಸಾಲಾಜಾರ್‌ನ ಆಡಳಿತ ಮಣಿಯಲಿ ಅಂತ ಮಾಡಿದ್ದು, ಉದ್ದೇಶ ಸರಿಯೇ ಇತ್ತು. ಆದರೆ ಆತ ಮಣಿದನಾ? ಲಿಸ್ಬನ್ನಿನಲ್ಲಿ ಕೂತವನಿಗೆ ಏನು ನಷ್ಟ? ಗೋವಾದ ಕಬ್ಬಿಣದ ಅದಿರು ಜಪಾನಿಗೆ ಹೋಗಿ ದುಡ್ಡು ಬರುತ್ತಿತ್ತು. ಬಟಾಟೆ ಹಾಲೆಂಡಿನಿಂದ ಬಂತು, ಚಹಾಪುಡಿ ಸಿಲೋನಿನಿಂದ ಬಂತು, ಸಿಮೆಂಟು ಜಪಾನಿನಿಂದ ಬಂತು. ಹಡಗಿನಲ್ಲಿ ತರಿಸಲು ಆಗದೇ ಇದ್ದದ್ದು ಒಂದೇ, ತವರುಮನೆ.

ಮಧ್ಯದಲ್ಲಿ ಕಟ್ಟುಪಾಡು ಒಂದಿಷ್ಟು ಸಡಿಲ ಆದದ್ದೂ ಉಂಟು. ಆದರೆ ಪುತ್ತಿಗೆಯಲ್ಲಿ ಜಿನಸಿ ಅಂಗಡಿ ಇಟ್ಟುಕೊಂಡ ಮನುಷ್ಯನಿಗೆ ಅದೆಲ್ಲ ಗೊತ್ತಾಗುವುದು ಹೇಗೆ? ಯಾವ ಕಚೇರಿಗೆ ಹೋಗಬೇಕು, ಯಾವ ಕಾಗದ ಬೇಕು, ಯಾರ ಕೈಕಾಲು ಹಿಡಿಯಬೇಕು? ಕಳ್ಳದಾರಿಯಲ್ಲಿ ಹೋಗಿಬರುವವರು ಇದ್ದರು. ವಿದೇಶಿ ಗಡಿಯಾರ, ವಿಸ್ಕಿ, ಚಿನ್ನ ತರುವವರಿಗೆ ಯಾವ ಗಡಿಯೂ ಮುಚ್ಚಿರುವುದಿಲ್ಲ. ಅಜ್ಜನಿಗೆ ಆ ಧೈರ್ಯ ಇರಲಿಲ್ಲ.

1956ರ ಆಟಿ ತಿಂಗಳಲ್ಲಿ, ಜಡಿಮಳೆಯಲ್ಲಿ, ಅಜ್ಜನ ತಾಯಿ ತೀರಿಕೊಂಡರು. ಅಪ್ಪನಿಗೆ ಐದು ವರ್ಷ. ಅಜ್ಜ ಲೋಲಯೆಂಗೆ ಪತ್ರ ಬರೆದರು. ಉತ್ತರ ಇಲ್ಲ. ಇನ್ನೊಂದು ಬರೆದರು. ಅದಕ್ಕೂ ಇಲ್ಲ. ಕಾರವಾರದ ಕಡೆಯ ವ್ಯಾಪಾರಿಯೊಬ್ಬರ ಹತ್ತಿರ ಬಾಯಿಮಾತಿನಲ್ಲಿ ಹೇಳಿ ಕಳಿಸಿದರು. ಆ ಮಾತು ಎಲ್ಲಿಯವರೆಗೆ ಹೋಯಿತೋ, ಎಲ್ಲಿ ನಿಂತಿತೋ. ವರ್ಷಾಂತ ಆಯಿತು, ಮರುವರ್ಷದ ಶ್ರಾದ್ಧ ಆಯಿತು. ಪ್ರತಿ ಶ್ರಾದ್ಧದ ದಿನವೂ ಅಜ್ಜ ಒಂದೇ ಮಾತು ಹೇಳುತ್ತಿದ್ದರಂತೆ, "ಅಕ್ಕನಿಗೆ ಗೊತ್ತುಂಟೋ ಇಲ್ಲವೋ." ತಾಯಿ ಸಾಯುವ ಮೊದಲು ಮಗಳಿಗೆ ಅಂತ ಕೈಯಿಂದ ಬಿಚ್ಚಿಕೊಟ್ಟ ಎರಡು ಬಳೆ, ಬಟ್ಟೆಯಲ್ಲಿ ಸುತ್ತಿ, ಅಂಗಡಿಯ ತಿಜೋರಿಯಲ್ಲಿ ಇತ್ತು. ಅದೇ ವರ್ಷ ನವೆಂಬರ್ 1ಕ್ಕೆ ಕನ್ನಡ ನಾಡು ಒಂದಾಯಿತು. ಪುತ್ತಿಗೆಯೂ ಕಾರವಾರವೂ ಒಂದೇ ಮೈಸೂರು ರಾಜ್ಯಕ್ಕೆ ಬಂದವು. ಅಂದರೆ ಅತ್ತೆಯ ಊರಿನ ಬೇಲಿಯ ತನಕ ನಮ್ಮದೇ ರಾಜ್ಯ. ಬೇಲಿಯ ಆಚೆ ಅತ್ತೆ.

ಇನ್ನು 1961. ನವೆಂಬರಿನಲ್ಲಿ ಕಾರವಾರದ ಎದುರಿಗೇ ಇರುವ ಅಂಜದೀವ ದ್ವೀಪದಿಂದ ಪೋರ್ಚುಗೀಸರು ನಮ್ಮ 'ಸಾಬರಮತಿ' ಹಡಗಿನ ಮೇಲೆ ಗುಂಡು ಹಾರಿಸಿದರು. ಕೆಲವೇ ದಿನಗಳಲ್ಲಿ ಮೀನುಗಾರರ ದೋಣಿಯ ಮೇಲೂ ಹಾರಿಸಿದರು, ಒಬ್ಬ ಮೀನುಗಾರ ಸತ್ತ. ನೆಹರೂ ಅವರ ತಾಳ್ಮೆ ಮುಗಿಯಿತು. ಡಿಸೆಂಬರ್ 17ರ ರಾತ್ರಿ ಕಳೆದು 18ರ ನಸುಕಿಗೆ 'ಆಪರೇಷನ್ ವಿಜಯ್'. ಮೇಜರ್ ಜನರಲ್ ಕ್ಯಾಂಡೆತ್ ನೇತೃತ್ವ. ಮುಖ್ಯ ಪಡೆಗಳು ಉತ್ತರದಿಂದ, ಪೂರ್ವದಿಂದ ನುಗ್ಗಿದವು. ನಮ್ಮ ಮಾಜಾಳಿ ಕಡೆಯಿಂದಲೂ ರಜಪೂತ ರೆಜಿಮೆಂಟಿನ ಒಂದು ತುಕಡಿ ಕಾಣಕೋಣದ ದಾರಿಯಲ್ಲಿ ಮಡಗಾಂವ್ ಕಡೆಗೆ ಹೊರಟಿತು, ಶತ್ರುವಿನ ಗಮನ ಈ ಕಡೆ ತಿರುಗಿಸಲಿಕ್ಕೆ. ಅಂಜದೀವ ಹಿಡಿಯುವಾಗ ನಮ್ಮ ನೌಕಾಪಡೆಯ ಏಳು ಜನ ಜೀವ ಕೊಟ್ಟರು. 19ರ ರಾತ್ರಿ ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವಾ ಶರಣಾದ. ಕೊನೆಯ ಮನುಷ್ಯನ ತನಕ ಹೋರಾಡಿ ಅಂತ ಸಾಲಾಜಾರ್ ಆದೇಶ ಕಳಿಸಿದ್ದ. ಈ ಗವರ್ನರ್ ಅದನ್ನು ಪಾಲಿಸಲಿಲ್ಲ. ಪಾಲಿಸದೇ ಇದ್ದದ್ದರಿಂದ ಎಷ್ಟು ಜೀವ ಉಳಿಯಿತೋ. ಊರಿಗೆ ಹೋದ ಮೇಲೆ ಪಾಪ ಅವನಿಗೆ ಶಿಕ್ಷೆಯೇ ಆಯಿತು.

ಪುತ್ತಿಗೆಯಲ್ಲಿ ಆಗ ರೇಡಿಯೋ ಇದ್ದದ್ದು ಬೆರಳೆಣಿಕೆಯ ಮನೆಗಳಲ್ಲಿ. ಅಜ್ಜ ಸುದ್ದಿ ಕೇಳಿ ಬಂದು ಅಂಗಡಿಯ ಒಂದು ಹಲಗೆ ಮಾತ್ರ ತೆಗೆದು, ಒಳಗೆ ಕೂತರಂತೆ. ಗಿರಾಕಿಗಳು ಬಂದರೆ "ಇವತ್ತು ಇಲ್ಲ" ಅಂದರಂತೆ. ಯಾಕೆ ಅಂತ ಅಪ್ಪನಿಗೆ ಆಗ ಅರ್ಥ ಆಗಲಿಲ್ಲ.

ಕೂಡಲೇ ಹೊರಡಬೇಕು ಅಂತ ಅಜ್ಜನ ತರಾತುರಿ. ಹೊರಟದ್ದು ಮಾತ್ರ ಎರಡು ತಿಂಗಳ ಮೇಲೆ. ಮೊದಲು ಗೋವಾದಲ್ಲಿ ಮಿಲಿಟರಿ ಆಡಳಿತ, ಬಾಂಬಿನ ಭಯ, ರಸ್ತೆಯಲ್ಲಿ ನೆಲಬಾಂಬು ಹುಗಿದಿದ್ದಾರೆ ಎಂಬ ಸುದ್ದಿ. ಅದು ಮುಗಿಯಿತು ಅನ್ನುವಾಗ ಅಷ್ಟಗ್ರಹ ಕೂಟ! 1962ರ ಫೆಬ್ರವರಿ 3ರಿಂದ 5. ಎಂಟು ಗ್ರಹ ಮಕರ ರಾಶಿಯಲ್ಲಿ ಒಟ್ಟಾಗುತ್ತವೆ, ಲೋಕ ಮುಳುಗುತ್ತದೆ ಅಂತ ಇಡೀ ದೇಶ ನಡುಗಿತ್ತು. ಊರೂರಲ್ಲಿ ಹೋಮ, ಭಜನೆ. ಆಗ ಟಿವಿ ಚಾನೆಲ್ ಇರಲಿಲ್ಲ, ಇದ್ದಿದ್ದರೆ ನಾವು ಏನು ಮಾಡುತ್ತಿದ್ದೆವು ಅಂತ ನೆನೆಸಿದರೆ ನನಗೇ ಭಯ ಆಗುತ್ತದೆ. ನಮ್ಮ ಅಜ್ಜಿ ಹಟ ಹಿಡಿದರು, "ಲೋಕ ಮುಳುಗುವುದಾದರೆ ಎಲ್ಲರೂ ಇಲ್ಲೇ ಒಟ್ಟಿಗೆ ಮುಳುಗುವ. ಅಷ್ಟಗ್ರಹ ಕಳೆದು ಹೋಗಿ." ಲೋಕ ಮುಳುಗಲಿಲ್ಲ. ಚುನಾವಣೆಯ ಭಾಷಣ, ಜೀಪು, ಮೈಕು ಶುರುವಾಯಿತು. ಆ ಗದ್ದಲದ ನಡುವೆ ಒಂದು ಬೆಳಿಗ್ಗೆ ಅಜ್ಜ ಹತ್ತು ವರ್ಷದ ಮಗನನ್ನು ಕರೆದುಕೊಂಡು ಮೂಡುಬಿದಿರೆಯಲ್ಲಿ ಬಸ್ಸು ಹತ್ತಿದರು.

ಈಗ ಕೊಂಕಣ ರೈಲು ಉಂಟು, ಚತುಷ್ಪಥ ಉಂಟು. ಬೆಳಿಗ್ಗೆ ಮಂಗಳೂರಿನಲ್ಲಿ ತಿಂಡಿ ತಿಂದರೆ ಮಧ್ಯಾಹ್ನ ಮಡಗಾಂವಿನಲ್ಲಿ ಊಟ. ಆಗ ಒಂದೊಂದು ಹೊಳೆಗೂ ಇಳಿಯಬೇಕು, ತಾರಿ ದೋಣಿ ಕಾಯಬೇಕು, ಆಚೆ ದಡದಲ್ಲಿ ಇನ್ನೊಂದು ಬಸ್ಸು ಹುಡುಕಬೇಕು. ಹೊನ್ನಾವರದ ಶರಾವತಿ ನೋಡಿ ಅಪ್ಪ "ಇದು ಸಮುದ್ರವಾ?" ಅಂತ ಕೇಳಿದರಂತೆ. ದಾರಿಯುದ್ದಕ್ಕೂ ಅಜ್ಜ ಹೆಚ್ಚು ಮಾತಾಡಲಿಲ್ಲ. ಎರಡನೇ ದಿನ ಕಾರವಾರದ ಕೋಡಿಬಾಗದಲ್ಲಿ ಕಾಳಿ ನದಿಯ ದೋಣಿ ಹತ್ತುವಾಗ ಮಾತ್ರ ಮಗನ ಭುಜ ಹಿಡಿದು ಹೇಳಿದರು, "ಅಲ್ಲಿ ಅಜ್ಜಿಯ ವಿಷಯ ನೀನು ಏನೂ ಮಾತಾಡಬೇಡ. ನಾನು ಹೇಳ್ತೇನೆ."

ಮಾಜಾಳಿಯಿಂದ ನಡಿಗೆ. ಅವರ ಹಾಗೆಯೇ ತುಂಬಾ ಜನ ನಡೆಯುತ್ತಿದ್ದರು. ಅಪ್ಪನ ನೆನಪಿನಲ್ಲಿ ಉಳಿದದ್ದು ಅದು. "ಜಾತ್ರೆಗೆ ಹೋಗುವ ಹಾಗೆ ಗುಂಪು. ಆದರೆ ಜಾತ್ರೆಯ ಗಲಾಟೆ ಇಲ್ಲ" ಅಂದರು. ತಲೆಯ ಮೇಲೆ ಬದನೆಕಾಯಿ ಬುಟ್ಟಿ ಹೊತ್ತ ಹೆಂಗಸರು, ತೆಂಗಿನಕಾಯಿ ಹೊತ್ತವರು, ಬಾಳೆಗೊನೆ ಹೊತ್ತವರು. ಆ ಕಡೆಯಿಂದ ಈ ಕಡೆಗೂ ಜನ. ಎದುರುಬದುರಾದಾಗ ಒಬ್ಬರ ಮುಖ ಒಬ್ಬರು ನೋಡುತ್ತಾ, ಗುರುತು ಹತ್ತುತ್ತದಾ ಅಂತ ಹುಡುಕುತ್ತಾ ನಡೆಯುತ್ತಿದ್ದರಂತೆ.

ಗಡಿ ಅಂದರೆ ದೊಡ್ಡ ಗೋಡೆ ಇರುತ್ತದೆ, ಬಂದೂಕು ಹಿಡಿದವರು ಸಾಲಾಗಿ ನಿಂತಿರುತ್ತಾರೆ ಅಂತ ಹುಡುಗನ ಕಲ್ಪನೆ. ಪೋಳೆಂನಲ್ಲಿ ಅವನಿಗೆ ಕಂಡದ್ದು ಒಂದು ಹಂಚಿನ ಮನೆ, ಅದರ ಬಾಗಿಲು ತೆರೆದೇ ಇತ್ತು, ಒಳಗೆ ಏನೂ ಇರಲಿಲ್ಲ. ರಸ್ತೆಗೆ ಅಡ್ಡ ಹಾಕುತ್ತಿದ್ದ ಮರದ ದಿಮ್ಮಿಯನ್ನು ತೆಗೆದು ಬದಿಯಲ್ಲಿ ಮಲಗಿಸಿದ್ದರು. ಅದರ ಮೇಲೆ ಮುದುಕನೊಬ್ಬ ಕೂತು ಎಲೆಯಡಿಕೆ ಹಾಕುತ್ತಿದ್ದ. ಒಬ್ಬ ಜವಾನ, ನಮ್ಮ ಸೈನ್ಯದವನು, ಅಜ್ಜನ ಚೀಲ ನೋಡಲೂ ಇಲ್ಲ, ಹೋಗಿ ಅಂತ ಕೈ ಮಾಡಿದ. "ಅಷ್ಟೇ?" ಅಂತ ಅಪ್ಪ ಕೇಳಿದರಂತೆ. ಅಜ್ಜ ಉತ್ತರ ಕೊಡಲಿಲ್ಲ. ನಾಲ್ಕು ಹೆಜ್ಜೆ ಮುಂದೆ ಹೋಗಿ, ತಿರುಗಿ ನಿಂತು, ಆ ಮಲಗಿದ್ದ ದಿಮ್ಮಿಯನ್ನೇ ನೋಡಿದರು. ಏಳು ವರ್ಷ ತಡೆದದ್ದು ಇದುವಾ ಅಂತ ಇರಬೇಕು. ಈ ಕಡೆಯ ಕೆಂಪು ಮಣ್ಣೇ ಆ ಕಡೆಗೂ ಇತ್ತು. ಅದೇ ಗೇರುಮರ, ಅದೇ ಮುರಕಲ್ಲು.

ಲೋಲಯೆಂ ಹೊತ್ತಿಗೆ ಬಿಸಿಲು ಇಳಿದಿತ್ತು. ಕೇಳುತ್ತಾ ಕೇಳುತ್ತಾ ಮನೆ ಸಿಕ್ಕಿತು. ಅಂಗಳದಲ್ಲಿ ಅಡಿಕೆ ಒಣಹಾಕಿತ್ತು. ಅತ್ತೆ ಅಂಗಳದಲ್ಲೇ ಇದ್ದರು. ಅಜ್ಜನನ್ನು ನೋಡಿದವರೇ ಕೈಯಲ್ಲಿದ್ದ ಗೆರಸೆ ಹಾಗೇ ಬಿಟ್ಟರು. ಓಡಿ ಬಂದರು ಅಂತ ನಾನು ಅಂದುಕೊಂಡೆ, ಸಿನಿಮಾದಲ್ಲಿ ಹಾಗೆ ಅಲ್ವಾ. ಇಲ್ಲವಂತೆ. ನಿಂತಲ್ಲೇ ನಿಂತು ತಮ್ಮನನ್ನು ಮೇಲಿಂದ ಕೆಳಗೆ ನೋಡಿ, "ಎಷ್ಟು ಕೂದಲು ಬೆಳ್ಳಗಾಗಿದೆ ನಿನಗೆ" ಅಂದರಂತೆ. ಆಮೇಲೆ ಹುಡುಗನ ಗಲ್ಲ ಹಿಡಿದು ಎತ್ತಿ, "ನಿನ್ನನ್ನು ನೋಡುವಾಗ ನೀನು ಇಷ್ಟಿದ್ದೆ. ಹೇಳು, ಅಜ್ಜಿ ಹೇಗಿದ್ದಾರೆ?"

ಅಜ್ಜ ಜಗಲಿಯ ಕಟ್ಟೆಯಲ್ಲಿ ಕಾಲು ತೊಳೆಯುತ್ತಿದ್ದರು. ಚೆಂಬಿನ ನೀರು ನಿಂತಿತು. ಹುಡುಗ ಅಪ್ಪನ ಕಡೆ ನೋಡಿದ. ಅಪ್ಪ ಮುಖ ತಿರುಗಿಸಿದರು.

"ನನಗೆ ಏನು ಮಾಡಬೇಕು ಅಂತ ಗೊತ್ತಾಗಲಿಲ್ಲ" ಅಂತ ನನ್ನ ಅಪ್ಪ ಫೋನಿನಲ್ಲಿ ಹೇಳುವಾಗ, ನಿಜ ಹೇಳ್ತೇನೆ, ಆ ದನಿ ಎಪ್ಪತ್ತರ ಹತ್ತಿರದ ಮನುಷ್ಯನದ್ದು ಅನ್ನಿಸಲಿಲ್ಲ. "ಮಾತಾಡಬೇಡ ಅಂದಿದ್ದರು. ಮಾತಾಡದೆ ಇದ್ದರೆ ಅತ್ತೆಗೆ ಗೊತ್ತಾಗ್ತದೆ. ನಾನು ಹೇಳಿಬಿಟ್ಟೆ. ಉಂಟು, ಅಜ್ಜಿ ಉಂಟು, ಕಾಲುನೋವು ಮಾತ್ರ ಅಂತ."

ಕಾಲುನೋವು! ಹತ್ತು ವರ್ಷದ ಹುಡುಗನ ಬಾಯಿಗೆ ಅದು ಎಲ್ಲಿಂದ ಬಂತೋ. ಬರೀ ಉಂಟು ಅಂದಿದ್ದರೆ ಅತ್ತೆ ಇನ್ನೊಂದು ಪ್ರಶ್ನೆ ಕೇಳುತ್ತಿದ್ದರೇನೋ. ಕಾಲುನೋವು ಅಂದ ಕೂಡಲೇ ನಂಬಿದರು. ಅಜ್ಜಿಗೆ ಮೊದಲಿಂದಲೂ ಕಾಲುನೋವು ಇದ್ದದ್ದೇ. ಅಜ್ಜ ಏನೂ ಹೇಳಲಿಲ್ಲ. ಆ ಹೊತ್ತಿಗೆ ಹೇಳಬಹುದಿತ್ತು. ಹೇಳಲಿಲ್ಲ.

ಆ ರಾತ್ರಿ ಆ ಮನೆಯಲ್ಲಿ ಹಬ್ಬ. ಅಕ್ಕಪಕ್ಕದವರೆಲ್ಲ ಬಂದರು. ತವರಿನಿಂದ ಜನ ಬಂದ ಮೊದಲ ಮನೆಗಳಲ್ಲಿ ಅದೂ ಒಂದು. ಎಲ್ಲರಿಗೂ ಕುತೂಹಲ. ಅತ್ತೆಯ ಗಂಡ ತಮಾಷೆಯ ಮನುಷ್ಯ. "ಏಳು ವರ್ಷ ಹಾಲೆಂಡಿನ ಬಟಾಟೆ ತಿಂದೆವು ಮಾರಾಯ್ರೆ, ಎದುರಿಗೆ ಕಾಣುವ ಕಾರವಾರದ ಬದನೆ ತಿನ್ನಲಿಕ್ಕೆ ಆಗಲಿಲ್ಲ" ಅಂತ ಎಲ್ಲರನ್ನೂ ನಗಿಸಿದರು. ಹುಡುಗನ ಕೈಗೆ ಒಂದು ಎಸ್ಕುಡೊ ನಾಣ್ಯ ಕೊಟ್ಟು, ಇನ್ನು ಇದಕ್ಕೆ ಬೆಲೆ ಇಲ್ಲ, ಆಟ ಆಡು ಅಂದರು. ಮಕ್ಕಳಿಗೆ ಶಾಲೆಯಲ್ಲಿ ಇನ್ನು ಯಾವ ಭಾಷೆ ಕಲಿಸುತ್ತಾರೋ ಅಂತ ಗಂಡಸರ ಚರ್ಚೆ. ಅತ್ತೆ ಮಾತ್ರ ಒಳಗೆ ಹೊರಗೆ ಓಡಾಡುತ್ತಾ ಗಂಟು ಕಟ್ಟುತ್ತಿದ್ದರು, ತಾಯಿಗೆ ಕೊಡಲಿಕ್ಕೆ. ಒಂದು ಉಣ್ಣೆಯ ಶಾಲು. ಒಂದು ಬಾಟಲಿ, ನೋವಿಗೆ ಹಚ್ಚುವ ವಿದೇಶಿ ಎಣ್ಣೆ. ಹುಡುಗನನ್ನು ಕರೆದು ಎರಡೆರಡು ಸಲ ಹೇಳಿಕೊಟ್ಟರು, "ರಾತ್ರಿ ಮಲಗುವಾಗ ಹಚ್ಚಬೇಕು, ಉಜ್ಜಬಾರದು, ಮೆಲ್ಲ ಹಚ್ಚಬೇಕು ಅಂತ ಅಜ್ಜಿಗೆ ಹೇಳು. ಮರೀಬೇಡ." ಹುಡುಗ ಹೂಂ ಅಂದ. "ಮೇ ತಿಂಗಳಲ್ಲಿ ನಾನೇ ಬರ್ತೇನೆ ಅಂತಲೂ ಹೇಳು." ಅದಕ್ಕೂ ಹೂಂ ಅಂದ.

"ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಪಕ್ಕ ಮಲಗಿದವರಿಗೂ ಬರಲಿಲ್ಲ, ಗೊತ್ತಾಗ್ತಿತ್ತು" ಅಂದರು ಅಪ್ಪ.

ಬೆಳಿಗ್ಗೆ ಅತ್ತೆ ಬಾವಿಕಟ್ಟೆಯಲ್ಲಿ ನೀರು ಸೇದುತ್ತಿದ್ದಾಗ ಅಜ್ಜ ಅಲ್ಲಿಗೆ ಹೋದರು. ಹುಡುಗ ದೂರದಿಂದ ನೋಡಿದ. ಏನು ಮಾತಾಡಿದರು ಅಂತ ಕೇಳಿಸಲಿಲ್ಲ. ಅಜ್ಜ ಮಡಿಲಿನಿಂದ ಬಟ್ಟೆಯ ಗಂಟು ತೆಗೆದದ್ದು ಕಂಡಿತು. ಹಗ್ಗ ಕೈಬಿಟ್ಟು, ಕೊಡ ಬಾವಿಯೊಳಗೆ ಬಿದ್ದ ಸದ್ದು ಕೇಳಿತು. ಆಮೇಲೆ ಅತ್ತೆಯ ದನಿ ಮಾತ್ರ ಕೇಳಿತು, ಅಳು ಅಲ್ಲ, ಪ್ರಶ್ನೆ.

"ಯಾವಾಗ?"

ಅಜ್ಜ ಹೇಳಿದರು. ಐದೂವರೆ ವರ್ಷ.

ನಮ್ಮಲ್ಲಿ ತಾಯಿ ತಂದೆ ಸತ್ತರೆ ಮದುವೆಯಾದ ಮಗಳಿಗೆ ಮೂರು ದಿನ ಸೂತಕ. ವರ್ಷ ಕಳೆದು ಸುದ್ದಿ ಬಂದರೆ ಸೂತಕ ಇಲ್ಲ, ಕೇಳಿದ ಕೂಡಲೇ ಸ್ನಾನ ಮಾಡಿದರೆ ಮುಗಿಯಿತು. ಶಾಸ್ತ್ರ ಎಲ್ಲದಕ್ಕೂ ಲೆಕ್ಕ ಇಟ್ಟಿರುತ್ತದೆ ನೋಡಿ. ಅತ್ತೆ ಇನ್ನೊಂದು ಕೊಡ ಹಾಕಿ ನೀರು ಸೇದಿದರು. ಉಟ್ಟ ಸೀರೆಯಲ್ಲೇ, ಆ ಬಾವಿಕಟ್ಟೆಯಲ್ಲೇ ಕೂತು, ತಲೆಯ ಮೇಲೆ ಸುರಿದುಕೊಂಡರು. ಮತ್ತೆ ಸೇದಿದರು, ಮತ್ತೆ ಸುರಿದುಕೊಂಡರು. ಒಂದು ಕೊಡ ಸಾಕು. ಎಷ್ಟು ಕೊಡ ಸುರಿದುಕೊಂಡರು ಅಂತ ಅಪ್ಪ ಎಣಿಸಲಿಲ್ಲ. ಕೊನೆಗೆ ಗಂಡ ಬಂದು ಹಗ್ಗ ಹಿಡಿದುಕೊಂಡರು.

ಒದ್ದೆ ಬಟ್ಟೆಯಲ್ಲೇ ಅತ್ತೆ ತಮ್ಮನಿಗೆ ಹೇಳಿದ್ದು ಒಂದೇ ಮಾತು. "ಸರ್ಕಾರದವರು ಮುಚ್ಚಿಟ್ಟದ್ದು ಸಾಕಾಗಲಿಲ್ಲವಾ? ನಿನ್ನೆ ರಾತ್ರಿ ನೀನೂ ಮುಚ್ಚಿಟ್ಟೆಯಾ?"

ಹುಡುಗನನ್ನು ಅವರು ಬೈಯಲಿಲ್ಲ. ಮಾತೇ ಆಡಲಿಲ್ಲ. ಊಟಕ್ಕೆ ಬಡಿಸಿದರು, ಹೊರಡುವಾಗ ತಲೆ ಸವರಿದರು. ಆದರೆ ಮಾತಾಡಲಿಲ್ಲ. ಕಟ್ಟಿಟ್ಟ ಗಂಟನ್ನು ವಾಪಸು ಬಿಚ್ಚಲೂ ಇಲ್ಲ. ಶಾಲು, ಎಣ್ಣೆಯ ಬಾಟಲಿ ಎರಡೂ ಪುತ್ತಿಗೆಗೆ ಬಂದವು. ಶಾಲನ್ನು ಅಜ್ಜ ಮುದಿವಯಸ್ಸಿನಲ್ಲಿ ಹೊದ್ದರು. ಬಾಟಲಿಯ ಮುಚ್ಚಳ ಯಾರೂ ತೆಗೆಯಲಿಲ್ಲ.

ಮೇ ತಿಂಗಳಲ್ಲಿ ಅತ್ತೆ ಬರಲಿಲ್ಲ. ಗಡಿ ತೆರೆದೇ ಇತ್ತು, ಬಸ್ಸು ಓಡಾಡಲು ಶುರುವಾಗಿತ್ತು. ಪತ್ರ ಬರುತ್ತಿತ್ತು, ಮದುವೆ ಮುಂಜಿಗೆ ಆ ಮನೆಯವರು ಬರುತ್ತಿದ್ದರು, ಈ 2024ರ ತನಕವೂ ಬಳಕೆ ಉಂಟು. ಅತ್ತೆ ಮಾತ್ರ ಒಮ್ಮೆಯೂ ಪುತ್ತಿಗೆಗೆ ಕಾಲಿಡಲಿಲ್ಲ. ಯಾಕೆ ಅಂತ ಅಪ್ಪನನ್ನು ಕೇಳಿದೆ. "ಯಾರನ್ನು ನೋಡಲಿಕ್ಕೆ ಬರಬೇಕು?" ಅಂದರು.

ಈಗ ನನಗೆ ಇನ್ನೊಂದು ಅರ್ಥ ಆಯಿತು. 1989ರ ನವೆಂಬರ್, ಬರ್ಲಿನ್ ಗೋಡೆ ತೆರೆದ ವಾರ. ಆ ಗೋಡೆ ಎದ್ದದ್ದೂ ಇದೇ 1961ರಲ್ಲಿ, ಆಗಸ್ಟಿನಲ್ಲಿ. ನಾನು ಹೈಸ್ಕೂಲು ಹುಡುಗ. ದೂರದರ್ಶನದ ಸುದ್ದಿಯಲ್ಲಿ ಜನ ಗೋಡೆಯ ಮೇಲೆ ಹತ್ತಿ ಕುಣಿಯುತ್ತಿದ್ದರು, ಗುರುತಿಲ್ಲದವರನ್ನು ತಬ್ಬಿಕೊಳ್ಳುತ್ತಿದ್ದರು. ನನಗೆ ಮೈ ಜುಮ್ಮೆಂದಿತು. ನಾನು ಸುದ್ದಿವಾಚಕ ಆಗಬೇಕು ಅಂದುಕೊಂಡದ್ದೇ ಆ ರಾತ್ರಿ ಅಂತ ಸಂದರ್ಶನಗಳಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಅಪ್ಪ ಅರ್ಧಕ್ಕೇ ಎದ್ದು ಹೊರಗೆ ಹೋಗಿ ಜಗಲಿಯಲ್ಲಿ ಕೂತರು. ಅವರಿಗೆ ಲೋಕದ ಸುದ್ದಿಯಲ್ಲಿ ಆಸಕ್ತಿ ಇಲ್ಲ ಅಂದುಕೊಂಡಿದ್ದೆ. ಅವತ್ತು ಕುಣಿದವರು ನಾಳೆ ಬೆಳಿಗ್ಗೆ ಯಾವ ಯಾವ ಮನೆಯ ಬಾಗಿಲು ತಟ್ಟುತ್ತಾರೆ, ಅಲ್ಲಿ ಏನು ಹೇಳಬೇಕಾಗುತ್ತದೆ ಅಂತ ಆ ಕೋಣೆಯಲ್ಲಿ ಗೊತ್ತಿದ್ದವರು ಅವರೊಬ್ಬರೇ. ಕ್ಯಾಮೆರಾ ಆ ಬೆಳಿಗ್ಗೆಯ ತನಕ ನಿಲ್ಲುವುದಿಲ್ಲ. ನಮ್ಮ ಕಸುಬೇ ಹಾಗೆ.

ತಲಪಾಡಿಯ ಬಗ್ಗೆ ನಾನು ಆಡಿದ ಮಾತನ್ನು ಮರುದಿನ ವಾಪಸು ತೆಗೆದುಕೊಂಡೆನಾ? ಇಲ್ಲ. ಸುಮ್ಮನಾದೆ. ಬೇರೆ ವಿಷಯ ಹಿಡಿದೆ. ನಾಲ್ಕೂವರೆ ವರ್ಷ ಆದ ಮೇಲೆ ಇವತ್ತು ನಿಮ್ಮ ಮುಂದೆ ಹೇಳುತ್ತಿದ್ದೇನೆ, ಅವತ್ತು ನಾನು ಹೇಳಿದ್ದು ತಪ್ಪು. ರೋಗಕ್ಕೆ ತಪಾಸಣೆ ಮಾಡಬೇಕಿತ್ತು, ಆಂಬುಲೆನ್ಸಿಗೆ ಮಣ್ಣು ಸುರಿಯಬಾರದಿತ್ತು. ಅಪ್ಪ ಇದನ್ನು ಕೇಳಲಿಕ್ಕೆ ಇಲ್ಲ. ಮರುವರ್ಷ ಹೋಗಿಬಿಟ್ಟರು.

2024ರ ಆಗಸ್ಟ್ 7ರ ನಸುಕಿಗೆ ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿಯಿತಲ್ಲ, ಲಾರಿಯೊಂದು ನೀರಿಗೆ ಬಿತ್ತು, ಚಾಲಕನನ್ನು ಮೇಲೆತ್ತಿ ಉಳಿಸಿದರು. ಅದನ್ನು ವರದಿ ಮಾಡಲು ನಾನೇ ಹೋಗಿದ್ದೆ. ಕೋಡಿಬಾಗದ ದಡದಲ್ಲಿ ನಿಂತು ಲೈವ್ ಕೊಟ್ಟೆ. ಅಜ್ಜ, ಅಪ್ಪ ದೋಣಿ ಹತ್ತಿದ್ದು ಇಲ್ಲೇ ಎಲ್ಲೋ ಇರಬೇಕು. ಕೆಲಸ ಮುಗಿದ ಮೇಲೆ ಕ್ಯಾಮೆರಾದವನಿಗೆ, ಹೊಸ ಸೇತುವೆಯ ಮೇಲೆ ಗಾಡಿ ಬಿಟ್ಟಾಗ ಒಂದು ಗಂಟೆಯ ಕೆಲಸ ಉಂಟು ಬಾ ಅಂದೆ. ಮಾಜಾಳಿ ದಾಟಿದೆವು. ಪೋಳೆಂನಲ್ಲಿ ಈಗ ಬಾರುಗಳ ಸಾಲು. ಕುಡಿಯಲಿಕ್ಕೆ ಅಂತಲೇ ಕಾರವಾರದಿಂದ ಬರುವವರು ಇದ್ದಾರೆ. ವಾಪಸು ಬರುವಾಗ ಅಬಕಾರಿಯವರು ಡಿಕ್ಕಿ ತೆಗೆಸಿ ನೋಡುತ್ತಾರೆ, ಅಷ್ಟೇ ಈಗಿನ ಗಡಿ.

ಲೋಲಯೆಂ ಮನೆಯಲ್ಲಿ ಅತ್ತೆಯ ಸೊಸೆ ಇದ್ದಾರೆ, ಅವರಿಗೂ ಈಗ ವಯಸ್ಸಾಗಿದೆ. ಚಹಾ ಕೊಟ್ಟರು. ನನ್ನ ಕಾರ್ಯಕ್ರಮ ನೋಡುತ್ತಾರಂತೆ, ತುಂಬಾ ಕಿರುಚುತ್ತೀಯಪ್ಪಾ ಅಂದರು. ಬಾವಿ ಎಲ್ಲಿ ಅಂತ ಕೇಳಿದೆ. ಹಿತ್ತಲಿಗೆ ಕರೆದುಕೊಂಡು ಹೋಗಿ ತೋರಿಸಿದರು. ಮೇಲೆ ಕಬ್ಬಿಣದ ಜಾಳಿಗೆ ಹಾಕಿದ್ದಾರೆ, ಪಂಪು ಕೂರಿಸಿದ್ದಾರೆ. ಕಲ್ಲಿನ ಕಟ್ಟೆ ಮಾತ್ರ ಹಳೆಯದೇ. ಕ್ಯಾಮೆರಾದವನು, "ಸಾರ್, ಇಲ್ಲಿ ಏನು ಶೂಟ್ ಮಾಡಲಿ?" ಅಂತ ಕೇಳಿದ. ಬೇಡ ಅಂದೆ.